ದಂಡೆಯ ಮೇಲಿನ ಕೆಲಸ

ರಾಯಚೂರು ಜಿಲ್ಲೆಯ ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ದೇವದುರ್ಗದವರು ಸುರಪುರಕ್ಕೆ ಹೊರಟರೂ ಮಾನ್ವಿಯವರು ಆದವಾನಿಗೆ ಹೊರಟರೂ ಹೊಳೆ ದಾಟಲೇಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಅವರನ್ನು ಆಚೆ ದಂಡೆಗೆ ಮುಟ್ಟಿಸುತ್ತಿದ್ದವರು ಅಂಬಿಗರು, ಅವರ ಹರಿಗೋಲು.

ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ಯುದ್ಧ ನಡೆದದ್ದು 1520ರಲ್ಲಿ. ಅದೇ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್, ಆನೆಗೊಂದಿಯ ಹೊಳೆಯಲ್ಲಿ ಕಂಡ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. 15–20 ಜನ ಕೂಡುತ್ತಿದ್ದರು. ಈ ರಾಜ್ಯದ ಹೊಳೆಗಳಲ್ಲಿ ಬೇರೆ ದೋಣಿಯೇ ಇಲ್ಲ ಎಂದೂ ಹೇಳುತ್ತಾನೆ.

ಗಂಡಿಕೋಟೆಯಿಂದ ಗೋಲ್ಕೊಂಡಕ್ಕೆ 1652ರಲ್ಲಿ ಮರಳಿದ ಫ್ರೆಂಚ್ ವಜ್ರದ ವ್ಯಾಪಾರಿ ತವರ್ನಿಯೇ ಇನ್ನೂ ಹತ್ತಿರದಿಂದ ನೋಡಿದವನು. ಎತ್ತಿನ ತೊಗಲು ಹೊದಿಸಿದ ಆ ಬುಟ್ಟಿಯಂಥ ದೋಣಿಯ ತಳಕ್ಕೆ ಮೊದಲು ಕಟ್ಟಿಗೆಯ ಹೊರೆ ಹಾಸಿ, ಅದರ ಮೇಲೆ ಜಮಖಾನ ಹರಡಿ, ಆಮೇಲಷ್ಟೇ ಸರಕು ಇಡುತ್ತಿದ್ದರಂತೆ. ನಾಲ್ವರು ನಿಂತು ಹುಟ್ಟು ಹಾಕಬೇಕು. ಒಬ್ಬ ತಾಳ ತಪ್ಪಿದರೂ ದೋಣಿ ಗಿರಗಿರ ಸುತ್ತಿ ಸೆಳವಿಗೆ ಸಿಗುತ್ತಿತ್ತು.

ತೊಗಲು ಸದಾ ನೆನೆದರೆ ಕೊಳೆಯುತ್ತದೆ, ಅತಿಯಾಗಿ ಒಣಗಿದರೆ ಬಿರಿಯುತ್ತದೆ. ಪಯಣ ಮುಗಿದೊಡನೆ ಹರಿಗೋಲನ್ನು ಮೇಲೆಳೆದು ಬೋರಲು ಹಾಕಿ ಒಣಗಿಸಬೇಕು, ಹೊಲಿಗೆ ನೋಡಬೇಕು. ಹೊಳೆ ದಾಟಿದವರ ಜೀವ ಉಳಿಸಿದ್ದು ದಂಡೆಯ ಮೇಲಿನ ಈ ಕೆಲಸ. ಕೋಟೆ ಗೆದ್ದವರ ಹೆಸರು ಬರೆದಿಟ್ಟ ಚರಿತ್ರೆ ಈ ದುಡಿಮೆಯನ್ನು ಬರೆಯಲೇ ಇಲ್ಲ.

ಮುಂಬೈ, ಮದ್ರಾಸಿನ ರೈಲುಹಾದಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ನಿಜಾಮರ ಕಾಲದಲ್ಲಿ, 1943ರಲ್ಲಿ, ದೇವಸೂಗೂರಿನ ಬಳಿ ಕೃಷ್ಣೆಗೆ ರಸ್ತೆ ಸೇತುವೆ ಬಂತು. ಹರಿಗೋಲು ನಡುಗಡ್ಡೆಗಳಿಗೂ ಸಣ್ಣ ಊರುಗಳಿಗೂ ಸರಿಯಿತು. ತೊಗಲಿನ ಜಾಗದಲ್ಲಿ ಪ್ಲಾಸ್ಟಿಕ್ ಚೀಲ, ಮೇಲೆ ಡಾಂಬರು.

2019ರ ಆಗಸ್ಟ್ ನೆರೆಯಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) ತಂಡಗಳು ಮೋಟಾರು ದೋಣಿಗಳೊಂದಿಗೆ ಜಿಲ್ಲೆಗೆ ಬಂದವು. ಇಂಥ ದೋಣಿಯೂ ದಂಡೆಯಲ್ಲೇ ಅಣಿಯಾಗಬೇಕು. ಪೆಟ್ರೋಲು ತುಂಬುವಾಗ ಏಳುವ ಆವಿ ಗಾಳಿಗಿಂತ ಭಾರ; ದೋಣಿಯ ತಳದಲ್ಲಿ ಕೂತರೆ ಒಂದು ಕಿಡಿ ಸಾಕು. ಅದಕ್ಕೇ ಎಂಜಿನ್ ಆರಿಸಿ, ಜನರನ್ನು ಇಳಿಸಿ, ಕಳಚುವಂಥ ಟ್ಯಾಂಕನ್ನು ನೆಲದ ಮೇಲಿಟ್ಟು ತುಂಬಬೇಕು. ನೀರು ಏರುತ್ತಿರುವಾಗ ಇಷ್ಟು ತಾಳ್ಮೆ ಸುಲಭವಲ್ಲ. ಬಿಟ್ಟರೆ ಕಾಪಾಡಲು ಬಂದ ದೋಣಿಯೇ ಹೊತ್ತೀತು.

ಮರುವರ್ಷದ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕಲಾ ನಡುಗಡ್ಡೆಯವರು ಕೃಷ್ಣೆ ದಾಟುವಾಗ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು. ಪಾಯಸ್ ಬರೆದು ಸುಮಾರು ಐನೂರು ವರ್ಷವಾಗಿತ್ತು. ಆ ನಡುಗಡ್ಡೆಗೆ ಆಗಲೂ ಸೇತುವೆ ಇರಲಿಲ್ಲ.