ಭದ್ರಾವತಿಯ ಕಾಗದ, ಶಿವಮೊಗ್ಗದ ಲೇಖನಿ

ಒಂದು ನಾಡಿನ ರಾಜಕೀಯ ಚರಿತ್ರೆಯನ್ನು ಬರೆಯುವವರು ಮಂತ್ರಿಮಂಡಲಗಳ ಏಳುಬೀಳುಗಳನ್ನೂ ಚಳವಳಿಗಳ ದಿನಾಂಕಗಳನ್ನೂ ಶ್ರದ್ಧೆಯಿಂದ ದಾಖಲಿಸುತ್ತಾರೆ. ಆ ಸುದ್ದಿಯನ್ನು ಜನರಿಗೆ ತಲುಪಿಸಿದವರು ಯಾರು, ಅವರು ಯಾರ ಅನ್ನವನ್ನುಂಡು ಬರೆದರು ಎಂಬುದನ್ನು ವಿಚಾರಿಸುವುದು ಮಾತ್ರ ವಿರಳ. ಪತ್ರಿಕಾಕರ್ತನ ಸ್ವಾತಂತ್ರ್ಯದ ಪ್ರಶ್ನೆಯಾದರೋ ಬಹುಮಟ್ಟಿಗೆ ಈ ಅನ್ನದ ಪ್ರಶ್ನೆಯೇ ಆಗಿದೆ. ಈ ಮಾತಿಗೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹದಿನೆಂಟು ಕಿಲೋಮೀಟರಿನ ಆಸುಪಾಸಿನ ಅಂತರದಲ್ಲಿರುವ ಶಿವಮೊಗ್ಗ, ಭದ್ರಾವತಿಗಳ ಇತಿಹಾಸದಲ್ಲಿಯೇ ಅದು ದೊರೆಯುತ್ತದೆ.

ಶಿವಮೊಗ್ಗ ಜಿಲ್ಲೆ ರಾಜಕೀಯ ಪ್ರಜ್ಞೆಗೆ ಹೆಸರಾದುದು. 1956ರಲ್ಲಿ ಕಡಿದಾಳ್ ಮಂಜಪ್ಪ, 1990ರಲ್ಲಿ ಎಸ್. ಬಂಗಾರಪ್ಪ, 1996ರಲ್ಲಿ ಜೆ. ಎಚ್. ಪಟೇಲ್, 2007ರಲ್ಲಿ ಬಿ. ಎಸ್. ಯಡಿಯೂರಪ್ಪ ಹೀಗೆ ನಾಲ್ವರು ಮುಖ್ಯಮಂತ್ರಿಗಳನ್ನು ನಾಡಿಗೆ ಕೊಟ್ಟ ಕೀರ್ತಿ ಅದರದು. (ಪಟೇಲರ ಚನ್ನಗಿರಿ ಸೀಮೆ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತಾದರೂ ಅವರು ಅಧಿಕಾರ ವಹಿಸಿಕೊಂಡಾಗ ಶಿವಮೊಗ್ಗದಲ್ಲಿಯೇ ಇದ್ದಿತು.) 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಹೋದ ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿದುದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಇಂಥ ನೆಲದಲ್ಲಿ ರಾಜಕೀಯ ಬರವಣಿಗೆಯೂ ಹುಲುಸಾಗಿ ಬೆಳೆಯಬೇಕಾದುದು ಸಹಜ. ಬೆಳೆಯಿತು, ನಿಜ, ಆದರೆ ಬೆಳೆದ ಲೇಖನಿಗಳು ಬಹುಪಾಲು ಬೆಂಗಳೂರಿಗೆ ವಲಸೆ ಹೋದವು. ಊರಿನಲ್ಲಿ ಉಳಿದವರಿಗೆ ಬರೆಯುವುದೊಂದರಿಂದಲೇ ಜೀವನ ಸಾಗಲಿಲ್ಲ. ಇದರ ಕಾರಣವನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಿವಮೊಗ್ಗ ಮೈಸೂರು ಸಂಸ್ಥಾನದ ಜಿಲ್ಲೆಯಾಗಿದ್ದ ಕಾಲದಲ್ಲಿ, 1908ರಲ್ಲಿ, ಸಂಸ್ಥಾನದ ಸರ್ಕಾರವು ವೃತ್ತಪತ್ರಿಕಾ ಶಾಸನವೊಂದನ್ನು ಜಾರಿಗೆ ತಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದಾಗಿದ್ದಿತು. ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ತಾರುಣ್ಯವನ್ನೆಲ್ಲ ಪತ್ರಿಕೆಗಳಿಗೇ ಧಾರೆಯೆರೆದ ಡಿ. ವಿ. ಗುಂಡಪ್ಪನವರು 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಿಕಾಕರ್ತರ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ವೃತ್ತಪತ್ರಿಕೆಯೆಂಬುದು ಒಂದು ವೃತ್ತಿ, ಅದಕ್ಕೆ ವಿದ್ಯೆಯೂ ಶೀಲವೂ ಬೇಕು ಎಂಬ ವಿಚಾರ ಕನ್ನಡದಲ್ಲಿ ವ್ಯವಸ್ಥಿತವಾಗಿ ಚರ್ಚೆಗೆ ಬಂದುದು ಅವರಂಥವರಿಂದ. ಈ ಹಿರಿಯರೆಲ್ಲ ಎದುರಿಸಿದ ಅಂಕುಶ ಶಾಸನದ್ದು. ಅದು ಕಣ್ಣಿಗೆ ಕಾಣುವಂಥದು. ಸ್ವಾತಂತ್ರ್ಯಾನಂತರ ಬಂದ ಅಂಕುಶಗಳು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವಂಥವಾಗಿರಲಿಲ್ಲ.

ಸ್ವಾತಂತ್ರ್ಯ ಬಂದ ನಾಲ್ಕನೆಯ ವರ್ಷ, 1951ರ ಏಪ್ರಿಲಿನಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರೇ ಮೊದಲಾದ ಸಮಾಜವಾದಿಗಳು ಬೆಂಬಲಕ್ಕೆ ನಿಂತರು. ಅದೇ ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಮೇಲೆ ಮಲೆನಾಡಿನ ಮೂಲೆಯ ಈ ಹೋರಾಟ ದೇಶದ ಗಮನಕ್ಕೆ ಬಂದಿತು. ಭತ್ತ ಅಳೆಯುವ ಕೊಳಗದ ಪ್ರಶ್ನೆಯಿಂದ ಹುಟ್ಟಿದ ಜಗಳ ಸುದ್ದಿಯಾಗಲು ಹೊರಗಿನಿಂದ ನಾಯಕರೊಬ್ಬರು ಬಂದು ಸೆರೆಯಾಗಬೇಕಾಯಿತೆಂಬುದು ವಿಚಾರ ಮಾಡತಕ್ಕ ಮಾತು. ಹಳ್ಳಿಯ ಗೇಣಿದಾರನ ಪಾಡನ್ನು ದಿನದಿನವೂ ಬರೆಯುವುದಕ್ಕಾಗಿಯೇ ಸಂಬಳ ಪಡೆಯುವವನು ಜಿಲ್ಲೆಯಲ್ಲಿ ಇರಬೇಕಾದರೆ ಆ ಸಂಬಳವನ್ನು ಕೊಡುವವರಾದರೂ ಇರಬೇಕಷ್ಟೆ. 1955ರಲ್ಲಿ ಕಾರ್ಯನಿರತ ಪತ್ರಕರ್ತರ ಅಧಿನಿಯಮ ಬಂದು ವೇತನ, ರಜೆ, ಉಪದಾನಗಳಿಗೆ ಕಾನೂನಿನ ಆಧಾರ ಒದಗಿತು. ಅದರ ಫಲ ಹೆಚ್ಚಾಗಿ ದೊರೆತುದು ರಾಜಧಾನಿಯ ಕಚೇರಿಗಳಲ್ಲಿ ಕುಳಿತವರಿಗೆ. ಜಿಲ್ಲೆ, ತಾಲ್ಲೂಕುಗಳ ಬಿಡಿ ಸುದ್ದಿಗಾರರು ಉಪಾಧ್ಯಾಯಿಕೆಯನ್ನೋ ವಕೀಲಿಯನ್ನೋ ಸಣ್ಣ ಮುದ್ರಣಾಲಯವನ್ನೋ ನಂಬಿ ಬದುಕಬೇಕಾಗಿದ್ದಿತು. ಹಲವೆಡೆ ಸುದ್ದಿ ಬರೆಯುವವನೇ ಜಾಹೀರಾತನ್ನೂ ತಂದುಕೊಡಬೇಕೆಂಬ ಪದ್ಧತಿ ಬೆಳೆಯಿತು. ಬೆಳಿಗ್ಗೆ ಯಾರ ಬಾಗಿಲಲ್ಲಿ ಜಾಹೀರಾತಿಗೆ ಕೈಯೊಡ್ಡಿದನೋ ಅವರ ಅವ್ಯವಹಾರವನ್ನು ಸಂಜೆ ಬರೆಯುವುದು ಎಂಥವನಿಗೂ ಕಷ್ಟ.

ಇನ್ನು ಭದ್ರಾವತಿಯ ಮಾತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆಸೆದುಕೊಂಡ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಕಾಗದದ ಕಾರ್ಖಾನೆ ಅಲ್ಲಿಯೇ ಸ್ಥಾಪಿತವಾಯಿತು. ಭದ್ರಾ ನದಿಯ ನೀರು, ಮಲೆನಾಡಿನ ಬಿದಿರು ಎರಡೂ ಕೈಗೆಟುಕುವಂತಿದ್ದುದೇ ಆ ಸ್ಥಳದ ಅನುಕೂಲ. ಕನ್ನಡ ನಾಡಿನ ಎಷ್ಟೋ ಶಾಲಾ ಮಕ್ಕಳು ಅಕ್ಷರ ತಿದ್ದಿದುದು ಆ ಕಾರ್ಖಾನೆಯ ಕಾಗದದ ಮೇಲೆ. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು. 1980ರ ದಶಕದ ಆರಂಭದಲ್ಲಿ ಅಲ್ಲಿ ವೃತ್ತಪತ್ರಿಕೆಯ ಕಾಗದ, ಅಂದರೆ ನ್ಯೂಸ್‌ಪ್ರಿಂಟ್, ತಯಾರಾಗತೊಡಗಿತು.

ಇದರ ಮಹತ್ವ ಇಂದಿನ ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಯಲಾರದು. ಆಗ ಪತ್ರಿಕೆಯ ಕಾಗದವನ್ನು ಬೇಕೆಂದವರು ಬೇಕಾದಷ್ಟು ಕೊಳ್ಳುವಂತಿರಲಿಲ್ಲ. 1955ರಲ್ಲಿ ಮಧ್ಯಪ್ರದೇಶದ ನೇಪಾನಗರದಲ್ಲಿ ಉತ್ಪಾದನೆ ಆರಂಭವಾದ ಮೇಲೂ ದೇಶದ ಬೇಡಿಕೆಯ ದೊಡ್ಡ ಪಾಲು ಹೊರದೇಶಗಳಿಂದಲೇ ಬರಬೇಕಾಗಿದ್ದಿತು. ವಿದೇಶಿ ವಿನಿಮಯದ ಅಭಾವವನ್ನು ಮುಂದಿಟ್ಟು ಕೇಂದ್ರ ಸರ್ಕಾರವು 1962ರ ನಿಯಂತ್ರಣಾಜ್ಞೆಯ ಮೂಲಕ ಪ್ರತಿಯೊಂದು ಪತ್ರಿಕೆಗೂ ಇಷ್ಟೆಂದು ಅಳೆದು ಕೊಡುತ್ತಿದ್ದಿತು. 1972–73ನೆಯ ಸಾಲಿನ ನೀತಿಯಲ್ಲಂತೂ ಪತ್ರಿಕೆಗಳ ಪುಟಗಳು ಹತ್ತನ್ನು ಮೀರಬಾರದೆಂದು ಮಿತಿ ಹಾಕಲಾಯಿತು. ಬೆನೆಟ್ ಕೋಲ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1972ರಲ್ಲಿ ಬಹುಮತದ ತೀರ್ಪಿತ್ತು ಈ ಮಿತಿಯನ್ನು ತಳ್ಳಿಹಾಕಿತು. ಕಾಗದವನ್ನು ಹಿಡಿತದಲ್ಲಿಟ್ಟುಕೊಳ್ಳುವುದರಿಂದ ಮಾತೂ ಹಿಡಿತಕ್ಕೆ ಬರುತ್ತದೆಂಬುದನ್ನು ದೇಶದ ಅತ್ಯುನ್ನತ ನ್ಯಾಯಪೀಠವೇ ಒಪ್ಪಿದಂತಾಯಿತು. ಆದರೂ ಹಂಚಿಕೆಯ ಪದ್ಧತಿ ನಿಲ್ಲಲಿಲ್ಲ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಪೂರ್ವತನಿಖೆ, ಜಾಹೀರಾತು ತಡೆ ಎಲ್ಲವೂ ಏಕಕಾಲದಲ್ಲಿ ಪ್ರಯೋಗವಾದವು. ಭದ್ರಾವತಿಯ ಸುರುಳಿಗಳು ಪತ್ರಿಕೆಗಳಿಗೆ ಹೋಗತೊಡಗಿದುದು ಇಂಥ ಅನುಭವವಾದ ಕೆಲವೇ ವರ್ಷಗಳಲ್ಲಿ. ಕಾಗದ ಕನ್ನಡ ನಾಡಿನದೇ ಆಯಿತು. ಒಡೆತನ ಸರ್ಕಾರದ್ದಾಗಿಯೇ ಉಳಿಯಿತು.

ಅದೇ ಹೊತ್ತಿನಲ್ಲಿ, 1980ರಲ್ಲಿ, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿದವರೊಬ್ಬರು ಬೆಂಗಳೂರಿನಲ್ಲಿ ವಾರಪತ್ರಿಕೆಯೊಂದನ್ನು ಹೊರಡಿಸಿದರು. ಪಾಳ್ಯದ ಲಂಕೇಶರು (1935–2000) ಲಿಂಗಾಯತ ಒಕ್ಕಲು ಮನೆತನದಿಂದ ಬಂದವರು. ಇಂಗ್ಲಿಷ್ ಸಾಹಿತ್ಯವನ್ನು ಓದಿ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿಯೂ ಆಮೇಲೆ ಬೆಂಗಳೂರಿನಲ್ಲಿಯೂ ಅಧ್ಯಾಪಕರಾಗಿದ್ದರು. ‘ಪಲ್ಲವಿ’ ಚಿತ್ರದ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಪಡೆದಿದ್ದರು. ‘ಪ್ರಜಾವಾಣಿ’ಗೆ ಅಂಕಣ ಬರೆಯುತ್ತಿದ್ದರು. ತಿಂಗಳ ಸಂಬಳ ತಪ್ಪದೆ ಬರುವ ಅಧ್ಯಾಪಕ ವೃತ್ತಿಯನ್ನು ಬಿಟ್ಟು ನಲವತ್ತೈದರ ವಯಸ್ಸಿನಲ್ಲಿ ಪತ್ರಿಕೆಗೆ ಇಳಿಯುವುದು ಸಾಮಾನ್ಯ ಲೆಕ್ಕಾಚಾರದವರು ಮಾಡುವ ಕೆಲಸವಲ್ಲ.

‘ಲಂಕೇಶ್ ಪತ್ರಿಕೆ’ಯ ಹೊಸತನ ಅದರ ನಿಷ್ಠುರ ಭಾಷೆಯಲ್ಲಿದೆಯೆಂದು ಹೇಳುವವರುಂಟು. ಅದು ಅರ್ಧ ಸತ್ಯ. ನಿಷ್ಠುರವಾಗಿ ಬರೆದವರು ಹಿಂದೆಯೂ ಇದ್ದರು. ಅದರ ನಿಜವಾದ ವಿಶೇಷವಿರುವುದು ಜಾಹೀರಾತುಗಳನ್ನು ತೆಗೆದುಕೊಳ್ಳದೆ ನಡೆಯುತ್ತೇನೆಂಬ ನಿರ್ಧಾರದಲ್ಲಿ. ಸರ್ಕಾರದ ಪ್ರಕಟಣೆಯೂ ಬೇಡ, ವ್ಯಾಪಾರಿಯ ಪ್ರಚಾರವೂ ಬೇಡ. ಓದುಗನು ಅಂಗಡಿಯಲ್ಲಿ ಕೊಟ್ಟು ಕೊಂಡ ಬೆಲೆಯೇ ಬಂಡವಾಳ, ಅದೇ ಸಂಬಳ. ಬಣ್ಣವಿಲ್ಲದ ಕಪ್ಪು ಬಿಳುಪಿನ ಪುಟಗಳು, ಸಾಧಾರಣ ಕಾಗದ. ಗುಂಡೂರಾವ್ ಸರ್ಕಾರದ ಕಾಲದಲ್ಲಿ ಅದು ಪ್ರಕಟಿಸಿದ ವರದಿಗಳನ್ನು ಹಳ್ಳಿಯ ಬಸ್ ನಿಲ್ದಾಣಗಳಲ್ಲಿಯೂ ಜನ ಓದಿದರು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡುದಕ್ಕೆ ಅನೇಕ ಕಾರಣಗಳಿವೆ. ಜನಾಭಿಪ್ರಾಯವನ್ನು ರೂಪಿಸಿದವುಗಳಲ್ಲಿ ಈ ಪತ್ರಿಕೆಯೂ ಒಂದೆಂಬುದನ್ನು ಅದರ ವಿರೋಧಿಗಳೂ ಅಲ್ಲಗಳೆಯಲಿಲ್ಲ. ಹೊಸದಾಗಿ ಬಂದ ಹೆಗಡೆಯವರ ಸರ್ಕಾರಕ್ಕೂ ಆಮೇಲೆ ಅದು ಮರ್ಯಾದೆ ತೋರಿಸಲಿಲ್ಲ. ಮಠಮಾನ್ಯಗಳೂ ಅದರ ಟೀಕೆಗೆ ಹೊರತಾಗಲಿಲ್ಲ. ಆ ಟೀಕೆಯಲ್ಲಿ ಕೆಲವು ನ್ಯಾಯವಾದವು, ಕೆಲವು ಕಟಕಿಗಾಗಿಯೇ ಬರೆದವು ಎಂದು ಈಗ ಸಮಾಧಾನದಿಂದ ಹೇಳಬಹುದು.

ಶರಣಸಾಹಿತ್ಯದ ಅಭ್ಯಾಸಿಗಳಿಗೆ ಲಂಕೇಶರು ಮೊದಲು ಪರಿಚಿತರಾದುದು 1971ರ ‘ಸಂಕ್ರಾಂತಿ’ ನಾಟಕದಿಂದ. ಬಿಜ್ಜಳ ಬಸವಣ್ಣನವರ ಸಂಬಂಧವನ್ನು ಕುರಿತ ಆ ನಾಟಕದ ಚಿತ್ರಣವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ವಚನಗಳಿಂದ ಮೂಡುವ ಬಸವಣ್ಣನವರ ಮೂರ್ತಿಗೂ ನಾಟಕದ ಪಾತ್ರಕ್ಕೂ ಅಂತರವಿದೆ. ಆದರೆ ನಾಟಕದ ನಡುವಣ ಪ್ರಶ್ನೆ ಗಮನಾರ್ಹ. ಅರಸನ ಭಂಡಾರದ ಹೊಣೆ ಹೊತ್ತವನು, ಅರಸನ ಎದುರಿನಲ್ಲಿಯೇ ದಿನ ಕಳೆಯುವವನು, ಜನರ ಪಕ್ಷದಲ್ಲಿ ನಿಂತು ಸತ್ಯ ನುಡಿಯುವುದೆಂತು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದು ಪ್ರಾಣದ ಪ್ರಶ್ನೆಯಾಯಿತು. ಒಂಬತ್ತು ವರ್ಷಗಳ ಅನಂತರ ನಾಟಕಕಾರರು ತಮ್ಮ ಪತ್ರಿಕೆಗಾಗಿ ಇದಕ್ಕೆ ಕೊಟ್ಟುಕೊಂಡ ಉತ್ತರ ಭಂಡಾರದಿಂದ ದೂರವಿರುವುದು. ಆ ಉತ್ತರಕ್ಕೆ ಅವರು ಕೊನೆಯವರೆಗೆ ಬದ್ಧರಾಗಿದ್ದರೆಂದು ಹೇಳಲಾಗದು. 1980ರ ದಶಕದ ಕೊನೆಯಲ್ಲಿ ‘ಪ್ರಗತಿರಂಗ’ವೆಂಬ ರಾಜಕೀಯ ವೇದಿಕೆ ಕಟ್ಟಿ ತಾವೇ ಊರೂರು ತಿರುಗಿದರು. ಆ ಪ್ರಯತ್ನ ಫಲಿಸಲಿಲ್ಲ. ಅಧಿಕಾರವನ್ನು ಪರೀಕ್ಷಿಸುವವನು ಅಧಿಕಾರವನ್ನು ಬೇಡುವವನೂ ಆದಾಗ ಓದುಗನಿಗೆ ಅನುಮಾನ ಬರುವುದು ತಪ್ಪುವುದಿಲ್ಲ.

ಜಾಹೀರಾತಿಲ್ಲದ ಈ ವ್ಯವಸ್ಥೆಗೆ ತನ್ನದೇ ಆದ ಬಲೆಯೂ ಇದ್ದಿತು. ಪ್ರತಿ ವಾರವೂ ಓದುಗನ ಕಾಸಿನಿಂದಲೇ ಬದುಕಬೇಕಾದ ಪತ್ರಿಕೆಗೆ ಪ್ರತಿ ವಾರವೂ ಅವನನ್ನು ಸೆಳೆಯುವ ಶೀರ್ಷಿಕೆ ಬೇಕು. ಲಂಕೇಶರನ್ನು ಅನುಕರಿಸಿ ಹುಟ್ಟಿದ ಹಲವಾರು ವಾರಪತ್ರಿಕೆಗಳು ಅವರ ಕಟುವಾಕ್ಯವನ್ನು ಕಲಿತವೇ ಹೊರತು ಅವರ ಓದನ್ನು ಕಲಿಯಲಿಲ್ಲ. ಪರರ ಮನೆಯ ಗುಟ್ಟು ರಾಜಕೀಯ ಸುದ್ದಿಯೆಂಬ ಹೆಸರಿನಲ್ಲಿ ಬಿಕರಿಯಾಯಿತು. ಮೂಲ ಪತ್ರಿಕೆಯ ಸಾಧನೆಯನ್ನು ಅಳೆಯುವಾಗ ನೋಡಬೇಕಾದುದು ಅದು ಬೆಳೆಸಿದ ಬರಹಗಾರರನ್ನು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬೆಳಕು ಕಂಡುದು ಅಲ್ಲಿ. ಹಾಸನದಿಂದ ಆ ಪತ್ರಿಕೆಗೆ ಸುಮಾರು ಒಂದು ದಶಕ ವರದಿ ಮಾಡಿದ ಬಾನು ಮುಷ್ತಾಕ್ ಅವರು 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದರು. ಜಿಲ್ಲಾ ಕೇಂದ್ರದ ಮಹಿಳೆಯೊಬ್ಬರು ರಾಜಕೀಯ, ಸಾಮಾಜಿಕ ವರದಿಗಾರಿಕೆ ಮಾಡುವುದು 1980ರ ದಶಕದಲ್ಲಿ ಎಷ್ಟು ಅಪರೂಪವಾಗಿದ್ದಿತೆಂಬುದನ್ನು ನೆನೆದರೆ ಈ ಸಂಗತಿಯ ತೂಕ ತಿಳಿಯುತ್ತದೆ.

2000ದ ಜನವರಿಯಲ್ಲಿ ಲಂಕೇಶರು ತೀರಿಕೊಂಡಾಗ ಪತ್ರಿಕೆಯ ಸಂಪಾದಕತ್ವ ಮಗಳು ಗೌರಿಯವರಿಗೆ ಬಂದಿತು. ಅವರು ಅಲ್ಲಿಯವರೆಗೆ ಇಂಗ್ಲಿಷ್ ಪತ್ರಿಕೋದ್ಯಮದಲ್ಲಿ ದುಡಿದವರು. ಕನ್ನಡದಲ್ಲಿ ಬರೆಯುವುದನ್ನು ಆ ಮೇಲೆ ಸಾಧಿಸಿಕೊಂಡರು. 2005ರಲ್ಲಿ ಬೇರೆಯಾಗಿ ತಮ್ಮದೇ ವಾರಪತ್ರಿಕೆ ಆರಂಭಿಸಿದಾಗಲೂ ಜಾಹೀರಾತು ಬೇಡವೆಂಬ ತಂದೆಯ ಕ್ರಮವನ್ನು ಬಿಡಲಿಲ್ಲ. ಕಾಲ ಬದಲಾಗಿದ್ದಿತು. ದೂರದರ್ಶನ ವಾಹಿನಿಗಳು ದಿನವಿಡೀ ರಾಜಕೀಯವನ್ನೇ ಉಣಬಡಿಸುತ್ತಿದ್ದುವು. ವಾರಪತ್ರಿಕೆಗಾಗಿ ಕಾಯುವವರು ಕಡಿಮೆಯಾಗುತ್ತಿದ್ದರು. ಮಾನನಷ್ಟ ಮೊಕದ್ದಮೆಗಳಿಗಾಗಿ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆಯುವುದು ಅವರ ಕೆಲಸದ ಒಂದು ಭಾಗವೇ ಆಗಿಹೋಯಿತು. 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಅಂಥದೊಂದು ಮೊಕದ್ದಮೆಯಲ್ಲಿ ಶಿಕ್ಷೆ ವಿಧಿಸಿ ಜಾಮೀನು ನೀಡಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ತಮ್ಮ ಮನೆಯ ಬಾಗಿಲಲ್ಲಿ ಅವರು ಗುಂಡಿಗೆ ಬಲಿಯಾದರು. ಅದಕ್ಕೆ ಎರಡು ವರ್ಷ ಹಿಂದೆ, 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ ವಚನ ಸಂಶೋಧಕ ಡಾ. ಎಂ. ಎಂ. ಕಲಬುರ್ಗಿಯವರು ಹತರಾಗಿದ್ದರು. ಎರಡೂ ಹತ್ಯೆಗಳಲ್ಲಿ ಬಳಕೆಯಾದ ಪಿಸ್ತೂಲು ಒಂದೇ ಎಂದು ವಿಧಿವಿಜ್ಞಾನ ಪರೀಕ್ಷೆಯಿಂದ ತಿಳಿದುಬಂದಿತು. ಹಳೆಯ ಓಲೆಗಳನ್ನು ಓದುತ್ತಿದ್ದ ವಿದ್ವಾಂಸನನ್ನೂ ವಾರದ ಸುದ್ದಿ ಬರೆಯುತ್ತಿದ್ದ ಸಂಪಾದಕಿಯನ್ನೂ ಕೊಂದವರು ಅವರಿಬ್ಬರ ಬರಹದ ನಡುವೆ ಭೇದವೆಣಿಸಲಿಲ್ಲ.

ಊರಿನಲ್ಲಿಯೇ ಉಳಿದವರ ಕಥೆ ಇಷ್ಟು ಪ್ರಸಿದ್ಧವಾದುದಲ್ಲ. ಶಿವಮೊಗ್ಗ ನಗರದಿಂದ ‘ಕ್ರಾಂತಿದೀಪ’, ‘ನಾವಿಕ’ ಮೊದಲಾದ ಸ್ಥಳೀಯ ದಿನಪತ್ರಿಕೆಗಳು ಹೊರಟವು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಗಿ ಮಲೆನಾಡಿನ ಮನೆಮನೆಗೂ ತಲುಪಿತು. ಸರ್ಕಾರದ ಮಾಧ್ಯಮವಾದುದರಿಂದ ರಾಜಕೀಯ ವಿಮರ್ಶೆಗೆ ಅಲ್ಲಿ ಅವಕಾಶ ಕಡಿಮೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ವಿಭಾಗವೂ ಇದೆ. ಓದು ಮುಗಿಸಿದ ತರುಣರು ಬೆಂಗಳೂರಿನ ಬಸ್ಸನ್ನೇ ಹಿಡಿಯುವುದನ್ನು ವಿಶ್ವವಿದ್ಯಾನಿಲಯ ತಡೆಯಲಾರದು. ಜಿಲ್ಲೆಯ ಸಣ್ಣ ಪತ್ರಿಕೆಗಳ ಆದಾಯದಲ್ಲಿ ಸರ್ಕಾರಿ ಪ್ರಕಟಣೆಗಳ ಪಾಲು ದೊಡ್ಡದು. ಪುರಸಭೆಯ ಟೆಂಡರು ಪ್ರಕಟಣೆ ನಿಂತರೆ ಒಲೆ ಆರುವ ಸಂಪಾದಕನು ಪುರಸಭೆಯ ಮೇಲೆ ಬರೆಯುವ ಮುನ್ನ ಎರಡು ಬಾರಿ ಯೋಚಿಸಿದರೆ ಅವನನ್ನು ಹೇಡಿಯೆನ್ನುವುದು ಅನ್ಯಾಯ. ಹಾಗಿದ್ದೂ ಬರೆದವರಿದ್ದಾರೆ, ಅವರ ಹೆಸರುಗಳು ಹಳೆಯ ಸಂಚಿಕೆಗಳ ಅಡಿಬರಹದಲ್ಲಿ ಮಾತ್ರ ಉಳಿದಿವೆ.

1995ರಲ್ಲಿ ಕೇಂದ್ರ ಸರ್ಕಾರ ನ್ಯೂಸ್‌ಪ್ರಿಂಟ್ ಆಮದನ್ನು ಮುಕ್ತಗೊಳಿಸಿತು. ಹಂಚಿಕೆಯ ಅಂಕುಶ ಹೋಯಿತು, ಅದರೊಡನೆ ಭದ್ರಾವತಿಯ ಕಾಗದಕ್ಕಿದ್ದ ರಕ್ಷಣೆಯೂ ಹೋಯಿತು. ಹೊರದೇಶದ ಕಾಗದದೊಡನೆ ಬೆಲೆಯಲ್ಲಿ ಸ್ಪರ್ಧಿಸಲಾರದೆ ಕಾರ್ಖಾನೆ ನಷ್ಟದ ಮೇಲೆ ನಷ್ಟ ಅನುಭವಿಸಿ 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಅದಕ್ಕೆಂದು 1980ರಲ್ಲಿ ಗುತ್ತಿಗೆಗೆ ಕೊಟ್ಟಿದ್ದ ಅರಣ್ಯಭೂಮಿಯ ಅವಧಿ 2020ರಲ್ಲಿ ಮುಗಿದಾಗ, ಆ ನೆಲದಲ್ಲಿ ಮತ್ತೆ ಅಕೇಶಿಯಾ ಬೇಡವೆಂದು ಮಲೆನಾಡಿನ ಜನರೇ ಚಳವಳಿ ಹೂಡಿದರು. ಕಾಡನ್ನು ಉಳಿಸಿರೆಂದು ದಶಕಗಳ ಕಾಲ ಕನ್ನಡ ಪತ್ರಿಕೆಗಳು ಬರೆದ ಲೇಖನಗಳಲ್ಲಿ ಎಷ್ಟೋ ಅಚ್ಚಾದುದು ಅದೇ ಕಾಡಿನ ಬಿದಿರು, ನೀಲಗಿರಿಗಳಿಂದಾದ ಕಾಗದದ ಮೇಲೆ. ಶಿವಮೊಗ್ಗದ ಪತ್ರಿಕೆಗಳು ಆ ಚಳವಳಿಯ ಸುದ್ದಿಯನ್ನು ಅಚ್ಚು ಹಾಕಿದ ಕಾಗದ ಮಾತ್ರ ಬೇರೆಲ್ಲಿಂದಲೋ ಬಂದುದು.