ಎರಡು ತಿಂಗಳ ಮೇಷ್ಟ್ರು

ಸಿದ್ದಾಪುರದಲ್ಲಿ ನಿಂತು ‘ಶಿಬಿರ ಎಲ್ಲಿದೆ?’ ಎಂದು ಕೇಳಿದರೆ ಕುಶಾಲನಗರದ ರಸ್ತೆಯತ್ತ ಕೈ ತೋರಿಸುವವರೇ ಹೆಚ್ಚು. ಕಾವೇರಿಯ ದಡದ ದುಬಾರೆ ಆನೆ ಶಿಬಿರ ಇರುವುದು ಆ ದಾರಿಯಲ್ಲಿ. ಅಲ್ಲಿನ ಮಾವುತರು, ಕಾವಾಡಿಗರಲ್ಲಿ ಅನೇಕರು ಜೇನುಕುರುಬರು. ತಂದೆಯ ವಿದ್ಯೆ ಮಗನಿಗೆ ಬರುತ್ತದೆ. ಆನೆಗೆ ಹಸಿವು ಹನ್ನೆರಡು ತಿಂಗಳೂ ಇರುವುದರಿಂದ ಅವರ ಕೆಲಸವೂ ಹನ್ನೆರಡು ತಿಂಗಳಿನದು.

ಏಪ್ರಿಲ್ ಬಂತೆಂದರೆ ಇನ್ನೊಂದು ಬಗೆಯ ಶಿಬಿರಗಳ ಫಲಕಗಳು ನಾಡಿನ ಊರೂರಲ್ಲಿ ಕಾಣಿಸಿಕೊಳ್ಳುತ್ತವೆ. ಮಕ್ಕಳ ಬೇಸಿಗೆ ಶಿಬಿರ: ಹಾಡು, ನಾಟಕ, ಮುಖವಾಡ, ಮಣ್ಣಿನ ಗೊಂಬೆ. ಜೂನಿನ ಮಳೆ ಬೀಳುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಹಾಗಾದರೆ ಇದನ್ನೇ ನಂಬಿ ಒಬ್ಬ ಮನುಷ್ಯ ಬಾಳು ಸಾಗಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಶಿಬಿರಗಳ ಚರಿತ್ರೆಯಲ್ಲೇ ಇದೆ.

ಮಕ್ಕಳ ಶಿಬಿರದ ಮೂಲವನ್ನು ಸಾಮಾನ್ಯವಾಗಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಗುರುತಿಸುತ್ತಾರೆ. 1861ರಲ್ಲಿ ಫ್ರೆಡರಿಕ್ ಗನ್ ಎಂಬ ಮುಖ್ಯೋಪಾಧ್ಯಾಯರು ತಮ್ಮ ಶಾಲೆಯ ಹುಡುಗರನ್ನು ಕಡಲತೀರದವರೆಗೆ ನಡೆಸಿಕೊಂಡು ಹೋಗಿ ಸುಮಾರು ಎರಡು ವಾರ ಡೇರೆಗಳಲ್ಲಿ ಇರಿಸಿದರು. ಗಮನಿಸಬೇಕಾದ ಸಂಗತಿಯೆಂದರೆ, ಗನ್ ಅವರ ಜೀವನ ನಡೆಯುತ್ತಿದ್ದುದು ಶಾಲೆಯಿಂದ, ಡೇರೆಯಿಂದಲ್ಲ. ಶಿಬಿರ ನಡೆಸುವುದೇ ಒಂದು ವೃತ್ತಿ ಎಂದು ಅಲ್ಲಿನ ನಿರ್ದೇಶಕರು ಸಂಘ ಕಟ್ಟಿಕೊಂಡದ್ದು 1910ರಲ್ಲಿ, ಅಂದರೆ ಅರ್ಧ ಶತಮಾನದ ನಂತರ.

ನಮ್ಮಲ್ಲಿ ಮಕ್ಕಳೊಡನೆ ಆಟ–ನಾಟಕಗಳ ಪ್ರಯೋಗವನ್ನು ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ 1930ರ ದಶಕದಲ್ಲೇ ನಡೆಸಿದ್ದರು. ಆದರೆ ಇಂದಿನ ಶಿಬಿರಗಳ ರೂಪಕ್ಕೆ ಹೆಚ್ಚು ಋಣಿಗಳಾಗಬೇಕಾದದ್ದು ಇನ್ನೊಬ್ಬ ಕಾರಂತರಿಗೆ. ಗುಬ್ಬಿ ಕಂಪನಿಯಲ್ಲಿ ಬೆಳೆದು, ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಬಿ.ವಿ. ಕಾರಂತರು 1960ರ ದಶಕದಲ್ಲಿ ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು. ರವೀಂದ್ರರ ಗಿಳಿಯ ಕಥೆಯಿಂದ ಹುಟ್ಟಿದ ಅವರ ‘ಪಂಜರ ಶಾಲೆ’ಯನ್ನು ಆಡದ ಮಕ್ಕಳ ತಂಡ ಕನ್ನಡದಲ್ಲಿ ವಿರಳ. ಅವರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದರು. ‘ಫಣಿಯಮ್ಮ’ ಚಿತ್ರದ ನಿರ್ದೇಶಕಿ ಎಂದೇ ಅವರನ್ನು ನೆನೆಯುವವರು ಈ ಕೆಲಸವನ್ನು ಮರೆಯುವುದುಂಟು. ಅದು ನ್ಯಾಯವಲ್ಲ.

1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾದಾಗ ಬಿ.ವಿ. ಕಾರಂತರೇ ಮೊದಲ ನಿರ್ದೇಶಕರು. ಅಲ್ಲಿನ ಬೇಸಿಗೆಯ ‘ಚಿನ್ನರ ಮೇಳ’ ಮುಂದೆ ನಾಡಿನ ಶಿಬಿರಗಳಿಗೆ ಒಂದು ಮಾದರಿಯಾಯಿತು. ಅದನ್ನು ನಡೆಸಿದ ಕಲಾವಿದರು ಸರ್ಕಾರದ ಸಂಸ್ಥೆಯಲ್ಲಿ ತಿಂಗಳ ಸಂಬಳ ಪಡೆಯುವವರು. ಶಿಬಿರ ಅವರ ವರ್ಷದ ಕೆಲಸದ ಒಂದು ಭಾಗ. ಹೀಗಾಗಿ ಅದೇ ಕಲಾವಿದರು ವರ್ಷ ವರ್ಷವೂ ಮಕ್ಕಳ ಎದುರು ನಿಲ್ಲುವುದು ಸಾಧ್ಯವಾಯಿತು.

ಮಾದರಿ ಹಬ್ಬಿತು, ಸಂಬಳ ಹಬ್ಬಲಿಲ್ಲ. 1980ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಶುರುವಾದ ಮೇಲೆ ತರಬೇತಿ ಪಡೆದ ಯುವಕ ಯುವತಿಯರು ವರ್ಷಕ್ಕೊಂದು ತಂಡವಾಗಿ ಹೊರಬಂದರು. ಕೆಲವರಿಗೆ 1985ರಲ್ಲಿ ಆರಂಭವಾದ ತಿರುಗಾಟ ಸಿಕ್ಕಿತು. ಉಳಿದವರಲ್ಲಿ ಅನೇಕರಿಗೆ ಆಸರೆಯಾದದ್ದು ಬೇಸಿಗೆ ಶಿಬಿರ. ಅಲ್ಲಿ ಸಿಗುವುದಕ್ಕೆ ಗೌರವಧನವೆಂದು ಹೆಸರು. ಮೊದಲ ಪದದ ಪಾಲು ದೊಡ್ಡದು, ಎರಡನೆಯದರದು ಚಿಕ್ಕದು! ಈ ದಾರಿ ಹಿಡಿದವರ ಪಂಚಾಂಗ ಹೀಗಿರುತ್ತದೆ: ಏಪ್ರಿಲ್, ಮೇ ಶಿಬಿರ, ಮಳೆಗಾಲ ಖಾಲಿ, ಚಳಿಗಾಲಕ್ಕೆ ಶಾಲಾ ವಾರ್ಷಿಕೋತ್ಸವದ ನಾಟಕಗಳು, ಮತ್ತೆ ಏಪ್ರಿಲ್.

ಕರಾವಳಿಯ ಯಕ್ಷಗಾನ ಕಲಾವಿದರಿಗೆ ಈ ಲೆಕ್ಕ ಹಳೆಯದು. ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿಯ ನಂತರ. ನಡುವಿನ ಮಳೆಯಲ್ಲಿ ಕೆಲವರು ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳ ಕಟ್ಟುತ್ತಾರೆ. ಮೇಳಕ್ಕೆ ಯಜಮಾನನಿದ್ದಾನೆ, ಮುಂದಿನ ತಿರುಗಾಟದ ಭರವಸೆಯಿದೆ. ಶಿಬಿರದ ಮೇಷ್ಟ್ರಿಗೆ ಅದೂ ಇಲ್ಲ.

ಕೊಡಗಿನಲ್ಲಿ ಇದೇ ಎರಡು ತಿಂಗಳು ಹಾಕಿಯವು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದದ್ದು 60 ತಂಡಗಳು. 2024ರಲ್ಲಿ ನಾಪೋಕ್ಲಿನಲ್ಲಿ 360. ಹಬ್ಬದ ಆಸುಪಾಸಿನಲ್ಲಿ ಮಕ್ಕಳಿಗೂ ಹಾಕಿ ಶಿಬಿರಗಳು ನಡೆಯುತ್ತವೆ. ಹಲವೆಡೆ ಕಲಿಸುವವರು ನಿವೃತ್ತ ಸೈನಿಕರು, ಇಲ್ಲವೇ ಶಾಲೆಯ ದೈಹಿಕ ಶಿಕ್ಷಕರು. ಒಬ್ಬರಿಗೆ ಪಿಂಚಣಿ, ಇನ್ನೊಬ್ಬರಿಗೆ ಸಂಬಳ; ಎರಡೂ ಬೇರೆಡೆಯಿಂದ ಬರುತ್ತವೆ. ಜೂನಿನಲ್ಲಿ ಶಾಲೆ ತೆರೆದಾಗ ದೈಹಿಕ ಶಿಕ್ಷಕರು ತಮ್ಮ ಮೈದಾನಕ್ಕೆ ಮರಳುತ್ತಾರೆ. ನಾಟಕದ ಮೇಷ್ಟ್ರು ಮುಖವಾಡಗಳನ್ನು ಗಂಟು ಕಟ್ಟಿ ಬಸ್ಸು ಹತ್ತುತ್ತಾರೆ. ಅವರಿಗೆ ಮುಂದಿನ ಕರೆ ಬರುವುದು ವಾರ್ಷಿಕೋತ್ಸವದ ಹೊತ್ತಿಗೆ.