ಕ್ರಾಕಟೋವ ಅಗ್ನಿಪರ್ವತವೂ ದೂರದ ವೀಕ್ಷಕರೂ: ಪೊನ್ನಂಪೇಟೆಯ ನೆಲೆಯಿಂದ ಒಂದು ವಿವೇಚನೆ

ಕೊಡಗಿನ ಕಿಗ್ಗಟ್ಟುನಾಡಿನಲ್ಲಿರುವ ಪೊನ್ನಂಪೇಟೆಯ ಸುತ್ತಣ ಬೆಟ್ಟಗಳು ಅಗ್ನಿಪರ್ವತದಿಂದ ಹುಟ್ಟಿದವಲ್ಲ. ಅವು ಅತಿ ಪ್ರಾಚೀನವಾದ ನೈಸ್ ಶಿಲೆಯವು. ಕರ್ನಾಟಕದಲ್ಲಿ ಅಗ್ನಿಶಿಲೆಯನ್ನು ಕಾಣಬೇಕಾದರೆ ಉತ್ತರದ ಬೆಳಗಾವಿ, ವಿಜಯಪುರ, ಕಲಬುರಗಿ ಜಿಲ್ಲೆಗಳ ಕರಿಕಲ್ಲಿನ ನೆಲಕ್ಕೆ ಹೋಗಬಹುದು. ಇಲ್ಲವೆ ಉಡುಪಿಯ ಮಲ್ಪೆಯ ಬಳಿಯಿರುವ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳನ್ನು ನೋಡಬಹುದು. ಅವೆಲ್ಲ ಕೋಟ್ಯಂತರ ವರ್ಷಗಳ ಹಿಂದೆ ತಣಿದು ಗಟ್ಟಿಯಾದವು. ಹೀಗಿರುವಲ್ಲಿ ಪೊನ್ನಂಪೇಟೆಗೂ ಉರಿಯುವ ಪರ್ವತಕ್ಕೂ ಏನು ಸಂಬಂಧವೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಸಂಬಂಧವಿರುವುದು ನೆಲದಲ್ಲಿ ಅಲ್ಲ, ಆಕಾಶದಲ್ಲಿ ಎಂಬುದನ್ನೂ, ಆ ಸಂಬಂಧವನ್ನು ಕಂಡುಹಿಡಿಯುವುದರಲ್ಲಿ ಬೆಟ್ಟದಿಂದ ಸಾವಿರಾರು ಮೈಲಿ ದೂರದಲ್ಲಿದ್ದ ಹವ್ಯಾಸಿಗಳ ಪಾಲು ಎಷ್ಟೆಂಬುದನ್ನೂ ೧೮೮೩ರ ಕ್ರಾಕಟೋವ ಸ್ಫೋಟದ ದೃಷ್ಟಾಂತದಿಂದ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಅದಕ್ಕೂ ಹಿಂದಿನ ಒಂದು ಸ್ಫೋಟವನ್ನು ನೆನೆಯುವುದು ಉಚಿತ. ೧೮೧೫ನೆಯ ಏಪ್ರಿಲ್ ೧೦ರಂದು ಸುಂಬಾವ ದ್ವೀಪದ ತಂಬೋರ ಪರ್ವತ ಸಿಡಿಯಿತು. ಇತಿಹಾಸಕಾಲದ ಸ್ಫೋಟಗಳಲ್ಲಿ ಅದು ಅತ್ಯಂತ ದೊಡ್ಡವುಗಳಲ್ಲೊಂದು. ಆಗ ಕೊಡಗಿನಲ್ಲಿ ಹಾಲೇರಿ ವಂಶದ ಲಿಂಗರಾಜೇಂದ್ರನು ಆಳುತ್ತಿದ್ದನು. ಜಾವಾದಲ್ಲಿ ಆ ಸದ್ದನ್ನು ಕೇಳಿದವರು ಫಿರಂಗಿಯ ಸದ್ದೆಂದು ಭ್ರಮಿಸಿ ಸೈನ್ಯವನ್ನು ಹೊರಡಿಸಿದರು. ಅಲ್ಲಿ ಅಧಿಕಾರದಲ್ಲಿದ್ದ ರ್ಯಾಫಲ್ಸ್ ಬೇರೆ ಬೇರೆ ಊರುಗಳ ಅಧಿಕಾರಿಗಳಿಂದ ವರದಿಗಳನ್ನು ತರಿಸಿಕೊಂಡನು. ಆದರೆ ಸುದ್ದಿ ಹಡಗಿನ ವೇಗದಲ್ಲಿ ಸಾಗುತ್ತಿದ್ದ ಕಾಲವದು. ಮರುವರ್ಷ ಯೂರೋಪು ಅಮೆರಿಕಗಳಲ್ಲಿ ಬೇಸಗೆಯೇ ಬಾರದೆ ಬೆಳೆ ಕೆಟ್ಟಾಗ ಯಾರೂ ಅದನ್ನು ತಂಬೋರದೊಡನೆ ಜೋಡಿಸಲಿಲ್ಲ. ಅಗ್ನಿಪರ್ವತದ ಧೂಳು ಭೂಮಿಯನ್ನು ತಂಪುಗೊಳಿಸಬಲ್ಲದೆಂಬ ವಾದವನ್ನು ಅಮೆರಿಕದ ವಿಲಿಯಂ ಹಂಫ್ರೀಸ್ ಸವಿಸ್ತಾರವಾಗಿ ಮಂಡಿಸಿದುದು ೧೯೧೩ರಲ್ಲಿ. ಕಾರಣ ಒಂದು ಕಡೆ, ಕಾರ್ಯ ಇನ್ನೊಂದು ಕಡೆ ಇದ್ದು, ಎರಡನ್ನೂ ಒಂದೇ ಕಾಲಮಾನದಲ್ಲಿ ಕೂಡಿಸುವ ದಾಖಲೆ ಇಲ್ಲದಿದ್ದುದೇ ಈ ವಿಳಂಬದ ಮೂಲ.

ಕ್ರಾಕಟೋವದ ಸಂಗತಿ ಹೀಗಾಗಲಿಲ್ಲ. ಜಾವಾ ಸುಮಾತ್ರಗಳ ನಡುವಿನ ಸುಂಡಾ ಜಲಸಂಧಿಯ ಈ ದ್ವೀಪ ೧೮೮೩ನೆಯ ಮೇ ೨೦ರಂದು ಹೊಗೆಯುಗುಳಲು ಮೊದಲು ಮಾಡಿತು. ಆಗಸ್ಟ್ ೨೭ರ ಬೆಳಗ್ಗೆ, ಅಲ್ಲಿನ ವೇಳೆ ಹತ್ತು ಗಂಟೆಯ ಸುಮಾರಿಗೆ, ಅತಿ ಘೋರವಾದ ಸ್ಫೋಟವಾಯಿತು. ಸಮುದ್ರದ ಅಲೆಗಳು ಕರಾವಳಿಯ ಊರುಗಳನ್ನು ಕೊಚ್ಚಿಕೊಂಡು ಹೋದವು. ಸರ್ಕಾರದ ಲೆಕ್ಕದಂತೆ ಸತ್ತವರು ೩೬,೪೧೭ ಮಂದಿ. ದೂರದವರ ಕುತೂಹಲದ ಕಥೆಯನ್ನು ಹೇಳುವಾಗ ಈ ಸಂಖ್ಯೆಯನ್ನು ಮರೆಯಲಾಗದು. ಸ್ಫೋಟದ ಸದ್ದು ಸಿಂಹಳದಲ್ಲಿ ಕೇಳಿಸಿತು. ಸುಮಾರು ೪,೮೦೦ ಕಿಲೋಮೀಟರು ದೂರದ ರೊಡ್ರಿಗ್ಸ್ ದ್ವೀಪದಲ್ಲಿಯೂ ಕೇಳಿಸಿತು. ಅಲ್ಲಿನ ಪೊಲೀಸು ಅಧಿಕಾರಿ ಜೇಮ್ಸ್ ವಾಲಿಸ್ ಪೂರ್ವದಿಕ್ಕಿನಿಂದ ದೊಡ್ಡ ಫಿರಂಗಿಗಳ ಸದ್ದಿನಂತಹ ಶಬ್ದ ಬಂದುದನ್ನು ವೇಳೆಯೊಡನೆ ಬರೆದಿಟ್ಟನು. ಬಟೇವಿಯದಿಂದ ಸಿಂಗಪುರಕ್ಕೂ, ಅಲ್ಲಿಂದ ಪಿನಾಂಗಿನ ಮಾರ್ಗವಾಗಿ ಮದರಾಸಿಗೂ ಕಡಲೊಳಗಿನ ತಂತಿ ೧೮೭೧ರ ವೇಳೆಗೇ ಬಂದಿದ್ದುದರಿಂದ ಸುದ್ದಿ ಬಹು ಬೇಗ ಲೋಕವನ್ನೆಲ್ಲ ಮುಟ್ಟಿತು. ಕಾರಣದ ವೇಳೆ ಎಲ್ಲರಿಗೂ ತಿಳಿಯಿತು. ಇನ್ನು ಕಾರ್ಯಗಳ ವೇಳೆಯನ್ನು ಕಲೆಹಾಕುವುದು ಉಳಿಯಿತು.

ಆ ಕಾರ್ಯಗಳಲ್ಲಿ ಮೊದಲನೆಯದು ಗಾಳಿಯ ಒತ್ತಡದ ಅಲೆ. ಕಿವಿಗೆ ಕೇಳಿಸದ ಈ ಅಲೆ ಗಂಟೆಗೆ ಸುಮಾರು ೧,೧೦೦ ಕಿಲೋಮೀಟರು ವೇಗದಿಂದ ಎಲ್ಲ ದಿಕ್ಕುಗಳಿಗೂ ಹರಡಿತು. ಭೂಮಿಯ ಆಚೆ ಬದಿಯಲ್ಲಿ ಕೂಡಿ ಮತ್ತೆ ಹಿಂದಿರುಗಿದ ಅದು ಹಲವು ಕಡೆಗಳ ವಾಯುಭಾರಮಾಪಕಗಳಲ್ಲಿ ಏಳು ಬಾರಿ ಗುರುತು ಮೂಡಿಸಿತು. ಭಾರತದಲ್ಲಿ ದೀರ್ಘಕಾಲ ಸೇವೆಯಲ್ಲಿದ್ದು ನಿವೃತ್ತನಾದ ಜನರಲ್ ರಿಚರ್ಡ್ ಸ್ಟ್ರೇಚಿ ಈ ಗುರುತುಗಳನ್ನು ಹೋಲಿಸಿ ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದನು. ಕ್ರಾಕಟೋವದಿಂದ ಪೊನ್ನಂಪೇಟೆಗೆ ನೇರ ದೂರ ಸುಮಾರು ೩,೮೦೦ ಕಿಲೋಮೀಟರು, ಎಂದರೆ ರೊಡ್ರಿಗ್ಸಿಗಿಂತಲೂ ಹತ್ತಿರ. ಮೇಲಿನ ವೇಗವನ್ನು ಹಿಡಿದು ಲೆಕ್ಕ ಹಾಕಿದರೆ ಆ ಅಲೆ ಕೊಡಗಿನ ಸೂರ್ಯಮಾನದಲ್ಲಿ ಅಂದಿನ ಮಧ್ಯಾಹ್ನಕ್ಕೆ ಅರ್ಧ ಗಂಟೆ ಮೊದಲು, ಹನ್ನೊಂದೂವರೆಯ ಸುಮಾರಿಗೆ, ಪೊನ್ನಂಪೇಟೆಯ ಮೇಲೆ ಹಾದುಹೋಗಿರಬೇಕು. ಕಕ್ಕಡ ಮಾಸದ ನಾಟಿ ಮುಗಿದು ಜನ ಕೈಲ್ ಮುಹೂರ್ತವನ್ನು ಎದುರುನೋಡುವ ದಿನಗಳವು. ಗದ್ದೆಯಲ್ಲಿದ್ದವರ ಮೇಲೆ ಜಾವಾದ ಬೆಟ್ಟದ ನಿಟ್ಟುಸಿರು ಅವರಿಗೇ ತಿಳಿಯದಂತೆ ಹಾದುಹೋಯಿತೆನ್ನಲಡ್ಡಿಯಿಲ್ಲ.

ಎರಡನೆಯದು ಕಡಲಿನ ಅಲೆ. ಸರ್ವೆ ಇಲಾಖೆಯವರು ಭಾರತದ ಬಂದರುಗಳಲ್ಲಿ ಉಬ್ಬರವಿಳಿತಗಳನ್ನು ತಾನಾಗಿಯೇ ಬರೆಯುವ ಯಂತ್ರಗಳನ್ನು ಇಟ್ಟಿದ್ದರು. ನಮ್ಮ ಕಾರವಾರದಲ್ಲಿಯೂ ಅಂಥದೊಂದು ಯಂತ್ರವಿತ್ತು. ಈ ಕೆಲಸದ ಮೇಲ್ವಿಚಾರಕ ಮೇಜರ್ ಬೇರ್ಡ್ ಬಂದರುಬಂದರುಗಳ ರೇಖೆಗಳನ್ನು ಹೋಲಿಸಿ, ಕ್ರಾಕಟೋವದಿಂದ ಹೊರಟ ಕ್ಷೋಭೆ ಭಾರತದ ತೀರವನ್ನು ಮುಟ್ಟಿದ ವೇಳೆಗಳನ್ನು ೧೮೮೪ರಲ್ಲಿ ಪ್ರಕಟಿಸಿದನು. ಆ ಯಂತ್ರಗಳನ್ನು ಇಟ್ಟಿದ್ದುದು ನಿತ್ಯದ ಉಬ್ಬರವಿಳಿತಗಳಿಗಾಗಿ. ಅಗ್ನಿಪರ್ವತಕ್ಕಾಗಿ ಅಲ್ಲವೆಂಬುದು ಗಮನಾರ್ಹ.

ಮೂರನೆಯದೇ ಹವ್ಯಾಸಿಗಳ ಪಾಲಿಗೆ ಬಂದುದು: ಆಕಾಶದ ಬಣ್ಣ. ಇದನ್ನು ಬರೆಯುವ ಯಂತ್ರ ಎಲ್ಲಿಯೂ ಇರಲಿಲ್ಲ. ಕಣ್ಣು, ಗಡಿಯಾರ, ಲೇಖನಿ ಇವಿಷ್ಟೇ ಸಾಧನ. ಸೆಪ್ಟೆಂಬರ್ ೫ರಂದು ಹೊನೊಲುಲುವಿನಲ್ಲಿ ಸೆರೆನೊ ಬಿಷಪ್ ಎಂಬ ಪಾದ್ರಿ ಸೂರ್ಯನ ಸುತ್ತ ಮಂಕಾದ ವಿಶಾಲ ವಲಯವೊಂದನ್ನು ಕಂಡು ವರ್ಣಿಸಿದನು. ಇಂದಿಗೂ ಅದಕ್ಕೆ ಬಿಷಪ್ಪನ ಉಂಗುರವೆಂದೇ ಹೆಸರು. ಸೆಪ್ಟೆಂಬರ್ ೯ರ ಹೊತ್ತಿಗೆ ಸಿಂಹಳದಲ್ಲಿಯೂ ದಕ್ಷಿಣ ಭಾರತದಲ್ಲಿಯೂ ಸೂರ್ಯ ಹಸುರಾಗಿ ಕಾಣಿಸಿತು. ಆಂಧ್ರದ ಒಂಗೋಲಿನಲ್ಲಿದ್ದ ಅಮೆರಿಕನ್ ಮಿಷನರಿ ಮ್ಯಾನ್ಲೆ ಅದನ್ನು ವರ್ಣಿಸಿ ಬರೆದನು. ಮದರಾಸು ಕ್ರಿಶ್ಚಿಯನ್ ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕ ಮಿಕಿ ಸ್ಮಿತ್ ಹಸುರು ಸೂರ್ಯನ ಬೆಳಕನ್ನು ರೋಹಿತದರ್ಶಕದಿಂದ ಪರೀಕ್ಷಿಸಿ ನೀರಾವಿಯ ಪಟ್ಟೆಗಳು ಬಲವಾಗಿದ್ದುದನ್ನು ಗುರುತಿಸಿದನು. ಸೆಪ್ಟೆಂಬರ್ ೨೨ರ ಸುಮಾರಿಗೆ ಹಸುರು ಸೂರ್ಯ ಇಲ್ಲಿ ಮತ್ತೊಮ್ಮೆ ಕಾಣಿಸಿಕೊಂಡಿತು.

ಈ ಬಿಡಿಬಿಡಿಯಾದ ವರದಿಗಳನ್ನು ಕಲೆಹಾಕಿದಾಗ ಹೊರಟ ಅರ್ಥ ಆಶ್ಚರ್ಯಕರವಾದುದು. ಹಸುರು ಸೂರ್ಯನ ಮತ್ತು ಉರಿಗೆಂಪು ಸಂಜೆಗಳ ತಾರೀಖುಗಳು ಹಿಂದೂ ಮಹಾಸಾಗರದಿಂದ ಆಫ್ರಿಕಕ್ಕೆ, ಅಲ್ಲಿಂದ ದಕ್ಷಿಣ ಅಮೆರಿಕದ ಉತ್ತರ ತೀರಕ್ಕೆ, ಅಲ್ಲಿಂದ ಶಾಂತಸಾಗರಕ್ಕೆ ಕ್ರಮವಾಗಿ ಮುಂದುವರಿದಿದ್ದವು. ಎಂದರೆ ಧೂಳಿನ ಮೋಡ ಪಶ್ಚಿಮಕ್ಕೆ ಸಾಗಿ ಸುಮಾರು ಹದಿಮೂರು ದಿನಗಳಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿ ಬಂದಿತ್ತು. ಜಾವಾ ನಮಗೆ ಪೂರ್ವದಲ್ಲಿದ್ದರೂ ಮೋಡ ಮೊದಲ ಸಲ ನಮ್ಮ ದಕ್ಷಿಣಕ್ಕೆ ಹಾದುಹೋಗಿ, ಅಗಲವಾಗಿ ಹರಡಿ, ಲೋಕವನ್ನೆಲ್ಲ ಬಳಸಿಯೇ ದಕ್ಷಿಣ ಭಾರತಕ್ಕೆ ಬಂದಿತು. ಸೆಪ್ಟೆಂಬರ್ ೨೨ರ ಹಸುರು ಸೂರ್ಯ ಅದರ ಎರಡನೆಯ ಸುತ್ತಿನ ಗುರುತು. ಭೂಮಧ್ಯರೇಖೆಯ ಮೇಲೆ ಬಹು ಎತ್ತರದಲ್ಲಿ ಗಂಟೆಗೆ ನೂರಿಪ್ಪತ್ತು ಕಿಲೋಮೀಟರಿಗೂ ಮಿಕ್ಕ ವೇಗದ ಪೂರ್ವದ ಗಾಳಿ ಬೀಸುತ್ತಿದೆಯೆಂಬುದು ಅಲ್ಲಿಗೆ ಯಾವ ಯಂತ್ರವೂ ಏರದಿದ್ದ ಕಾಲದಲ್ಲಿ ಹೀಗೆ ಸಿದ್ಧವಾಯಿತು. ಮುಂದೆ ೧೯೬೦ರ ಸುಮಾರಿಗೆ ಇಂಗ್ಲೆಂಡಿನ ಎಬ್ಡನ್ನನೂ ಅಮೆರಿಕದ ರೀಡನೂ ಈ ಗಾಳಿ ಸದಾ ಒಂದೇ ದಿಕ್ಕಿನದಲ್ಲವೆಂದೂ, ಸುಮಾರು ಎರಡು ವರ್ಷಗಳಿಗೊಮ್ಮೆ ದಿಕ್ಕು ಬದಲಿಸಿ ಮರಳುವುದೆಂದೂ ಬೇರೆ ಬೇರೆಯಾಗಿ ತೋರಿಸಿದರು. ಆಗ ೧೮೮೩ರ ಆ ತಾರೀಖುಗಳಿಗೆ ಹೊಸ ಬೆಲೆ ಬಂದಿತು. ಬರೆದವರು ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೆ ಅವರ ಬರಹ ಮತ್ತೊಮ್ಮೆ ಸಾಕ್ಷಿ ನುಡಿಯಿತು.

ವರದಿಗಳನ್ನು ಕಲೆಹಾಕಿದ ಸಂಘಟನೆಯೂ ವಿಚಾರಾರ್ಹವಾದುದು. ರಾಯಲ್ ಸೊಸೈಟಿ ನೇಮಿಸಿದ ಸಮಿತಿಯ ಅಧ್ಯಕ್ಷ ಜಾರ್ಜ್ ಸೈಮನ್ಸ್ ಅಗ್ನಿಪರ್ವತಗಳ ಪಂಡಿತನಲ್ಲ, ಮಳೆಯ ಲೆಕ್ಕಿಗ. ಬ್ರಿಟನ್ನಿನ ಮೂಲೆಮೂಲೆಗಳಲ್ಲಿ ಪಾದ್ರಿಗಳು, ವೈದ್ಯರು, ಜಮೀನ್ದಾರರು ತಮ್ಮ ಅಂಗಳದಲ್ಲಿ ಅಳೆದ ಮಳೆಯನ್ನು ೧೮೬೦ರಿಂದ ಒಂದೆಡೆ ಸೇರಿಸುತ್ತಿದ್ದವನು. ೧೯೦೦ರಲ್ಲಿ ಅವನು ತೀರಿಕೊಂಡಾಗ ಆ ವೀಕ್ಷಕರು ಮೂರು ಸಾವಿರಕ್ಕೂ ಮಿಕ್ಕಿದ್ದರು. ಸಾಮಾನ್ಯರ ಬರಹವನ್ನು ಹೇಗೆ ಬೇಡಬೇಕು, ಹೇಗೆ ಒರೆಗೆ ಹಚ್ಚಬೇಕು ಎಂಬುದನ್ನು ಬಲ್ಲವನಾದ್ದರಿಂದಲೇ ೧೮೮೪ರಲ್ಲಿ ಪತ್ರಿಕೆಗಳ ಮೂಲಕ ಅವನು ಮಾಡಿದ ಮನವಿ ಫಲಿಸಿತು. ಸಮಿತಿಯ ಬೃಹತ್ ವರದಿ ೧೮೮೮ರಲ್ಲಿ ಹೊರಬಂದಿತು. ಲಂಡನ್ನಿನ ಚೆಲ್ಸಿಯಲ್ಲಿ ವಿಲಿಯಂ ಆಸ್ಕ್ರಾಫ್ಟ್ ಎಂಬ ಚಿತ್ರಕಾರ ಸಂಜೆಯಾಕಾಶವನ್ನು ನಿಮಿಷನಿಮಿಷಕ್ಕೂ ಬಣ್ಣದ ಕಡ್ಡಿಗಳಿಂದ ಬರೆದಿಟ್ಟಿದ್ದನು. ಅವನ ಐದುನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ಕೆಲವು ಆ ವರದಿಯ ಮುಖಚಿತ್ರಗಳಾದವು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಂಡುದನ್ನು ಬರೆಯುವುದು ಒಂದು, ಕಂಡುದಕ್ಕೆ ಕಾರಣ ಹೇಳುವುದು ಇನ್ನೊಂದು. ಅಂದಿನವರು ಹೇಳಿದ ಕಾರಣಗಳಲ್ಲಿ ಹಲವು ನಿಲ್ಲಲಿಲ್ಲ. ಮಿಕಿ ಸ್ಮಿತ್ ನೀರಾವಿಗೆ ಕೊಟ್ಟಷ್ಟು ಪ್ರಾಧಾನ್ಯವನ್ನು ಇಂದು ಯಾರೂ ಕೊಡುವುದಿಲ್ಲ. ಕಣಗಳೆಲ್ಲ ಸರಿಸುಮಾರು ಒಂದೇ ಗಾತ್ರದವಾಗಿ, ಆ ಗಾತ್ರ ಬೆಳಕಿನ ಅಲೆಯುದ್ದಕ್ಕೆ ಸಮೀಪವಾಗಿದ್ದಾಗ ಅವು ನೀಲಿಗಿಂತ ಕೆಂಪನ್ನು ಹೆಚ್ಚಾಗಿ ಚೆದರಿಸುತ್ತವೆ. ಸೂರ್ಯ ಹಸುರು ಅಥವಾ ನೀಲಿಯಾಗಿ ಕಾಣುವುದು ಅದರಿಂದ. ಧೂಳೇ ಮುಖ್ಯ ಕಾರಣವೆಂದ ಸಮಿತಿಯ ಮಾತೂ ಪೂರ್ಣವಲ್ಲ. ತಿಂಗಳುಗಟ್ಟಲೆ ಮೇಲೆ ನಿಂತು ಸಂಜೆಯನ್ನು ಕೆಂಪಾಗಿಸಿದುದು ಮುಖ್ಯವಾಗಿ ಗಂಧಕದ ಅನಿಲದಿಂದಾದ ಆಮ್ಲದ ಸೂಕ್ಷ್ಮ ಹನಿಗಳೆಂಬುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಿಳಿಯಿತು. ಕಾರಣಗಳು ಬದಲಾದರೂ ಸೆಪ್ಟೆಂಬರ್ ೯ ಸೆಪ್ಟೆಂಬರ್ ೯ ಆಗಿಯೇ ಉಳಿಯಿತು. ಇದೇ ಮಿಕಿ ಸ್ಮಿತ್ ಮುಂದೆ ಸರ್ಕಾರಿ ಖಗೋಳಜ್ಞನಾಗಿ ಕೊಡೈಕಾನಲ್ ವೀಕ್ಷಣಾಲಯವನ್ನು ಸ್ಥಾಪಿಸಿದನು. ಈಗ ಆ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ.

ಹಸುರು ಸೂರ್ಯನ ವರದಿಗಳು ಮದರಾಸು, ಒಂಗೋಲುಗಳಂತಹ ಪೂರ್ವದ ಬಯಲಿನಿಂದ ಬಂದುದು ಸಹಜವೇ. ಸೆಪ್ಟೆಂಬರಿನ ಮೊದಲ ವಾರಗಳಲ್ಲಿ ಕೊಡಗಿನ ಆಕಾಶ ಬಹುಮಟ್ಟಿಗೆ ಮುಂಗಾರಿನ ಮೋಡದ ಮರೆಯಲ್ಲಿರುತ್ತದೆ. ತುಲಾ ಸಂಕ್ರಮಣ ಕಳೆದು ಹುತ್ತರಿ ಸಮೀಪಿಸುವಾಗ ತಿಳಿಯಾಗುತ್ತದೆ. ಆದರೆ ಮೋಡವಿತ್ತೆಂಬುದೂ ಒಂದು ದಾಖಲೆಯೇ. ‘ದಿನವೆಲ್ಲ ಮೋಡ, ಸೂರ್ಯ ಕಾಣಲಿಲ್ಲ’ ಎಂಬ ಒಂದು ಸಾಲು, ಕಾಣಬಹುದಾಗಿದ್ದೂ ಕಾಣದ ಊರನ್ನು ಕಾಣಲಾರದಿದ್ದ ಊರಿನಿಂದ ಬೇರ್ಪಡಿಸುತ್ತದೆ. ವಿದ್ಯಮಾನದ ಎಲ್ಲೆಯನ್ನು ಗುರುತಿಸುವವನಿಗೆ ಈ ಭೇದ ಅತ್ಯಗತ್ಯ.

ಇಂತಹ ಸಾಲುಗಳನ್ನು ಬರೆಯುವ ಪದ್ಧತಿ ಕೊಡಗಿಗೆ ಹೊಸದಲ್ಲ. ೧೮೭೦ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ರಿಕ್ಟರನ ಕೊಡಗಿನ ಕೈಪಿಡಿಯಲ್ಲಿಯೇ ಇಲ್ಲಿನ ಹವೆಯ ವಿವರಣೆಯಿದೆ. ಕಾಫಿ ಬಂದ ಮೇಲಂತೂ ಮಳೆಯ ಲೆಕ್ಕ ಜೀವನದ ಲೆಕ್ಕವೇ ಆಯಿತು. ಹೂಮಳೆ ಯಾವ ದಿನ ಬಿದ್ದಿತು, ಎಷ್ಟು ಬಿದ್ದಿತು ಎಂಬುದರ ಮೇಲೆ ವರ್ಷದ ಫಸಲು ನಿಂತಿರುವುದರಿಂದ ಪೊನ್ನಂಪೇಟೆ, ಗೋಣಿಕೊಪ್ಪ, ಪಾಲಿಬೆಟ್ಟದ ತೋಟದವರು ಬೆಳಗಾಗೆದ್ದು ಮಳೆಮಾಪಕವನ್ನು ನೋಡಿ ಇಂಚು ಸೆಂಟುಗಳಲ್ಲಿ ಬರೆದಿಡುತ್ತಾರೆ. ಅಜ್ಜನ ಕೈಬರಹದಲ್ಲಿ ಮೊದಲಾದ ಪುಸ್ತಕ ಮೊಮ್ಮಗನ ಕೈಯಲ್ಲಿ ಮುಂದುವರಿಯುವುದುಂಟು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಸಂಶೋಧಕರು ಈ ತೋಟದ ದಾಖಲೆಗಳನ್ನು ಸಂಗ್ರಹಿಸಿ ಕೊಡಗಿನ ಮಳೆಯ ಏರಿಳಿತವನ್ನು ಅಧ್ಯಯನ ಮಾಡಿರುವುದು ಇವುಗಳ ಯೋಗ್ಯತೆಗೆ ಸಾಕ್ಷಿ. ಸೈಮನ್ಸನ ವೀಕ್ಷಕರಿಗೂ ಇವರಿಗೂ ಇರುವ ಸಾಮ್ಯ ತಾನಾಗಿಯೇ ಗೋಚರಿಸುತ್ತದೆ.

ದೂರದ ಸ್ಫೋಟಗಳು ನಿಂತಿಲ್ಲ. ೧೯೯೧ನೆಯ ಜೂನ್ ೧೫ರಂದು ಫಿಲಿಪೀನ್ಸಿನ ಪಿನಟುಬೊ ಸಿಡಿದಾಗ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿಯಷ್ಟು ತಗ್ಗಿತು. ೨೦೨೨ನೆಯ ಜನವರಿ ೧೫ರಂದು ಶಾಂತಸಾಗರದ ಟಾಂಗದಲ್ಲಿ ಕಡಲಡಿಯ ಪರ್ವತ ಸಿಡಿಯಿತು. ಅಂದು ರಾತ್ರಿ ಅದರ ಒತ್ತಡದ ಅಲೆ ದಕ್ಷಿಣ ಭಾರತವನ್ನು ದಾಟುವುದನ್ನು ಮನೆಯ ಮಾಡಿನ ಮೇಲೆ ಪುಟ್ಟ ಹವಾಯಂತ್ರಗಳನ್ನಿಟ್ಟುಕೊಂಡ ಹವ್ಯಾಸಿಗಳೂ ತಮ್ಮ ರೇಖೆಗಳಲ್ಲಿ ಕಂಡರು. ೨೦೨೫ನೆಯ ನವೆಂಬರ್ ೨೩ರಂದು ಇಥಿಯೋಪಿಯದ ಹೈಲಿ ಗುಬ್ಬಿ ಉಗುಳಿದ ಬೂದಿ ಮರುದಿನವೇ ಉತ್ತರ ಭಾರತದ ಮೇಲೆ ಬಂದು ಹಲವು ವಿಮಾನಗಳ ಸಂಚಾರವನ್ನು ಕೆಡಿಸಿತು. ಉಪಗ್ರಹಗಳು ಇರುವಾಗ ಮನೆಯಂಗಳದ ಪುಸ್ತಕವೇಕೆ ಎನ್ನುವವರಿಗೆ ಉತ್ತರವಿಷ್ಟೆ: ಉಪಗ್ರಹದ ದಾಖಲೆ ಕೆಲವು ದಶಕಗಳದು, ತೋಟದ ಪುಸ್ತಕ ಅದಕ್ಕಿಂತ ಹಿಂದಕ್ಕೆ ಹೋಗಬಲ್ಲದು. ದೊಡ್ಡ ಸ್ಫೋಟಗಳ ಅನಂತರದ ವರ್ಷಗಳಲ್ಲಿ ಮುಂಗಾರು ಹೇಗೆ ನಡೆದುಕೊಂಡಿತೆಂಬ ಪ್ರಶ್ನೆಗೆ ಆ ಊರಿನ ಮಟ್ಟದಲ್ಲಿ ಉತ್ತರ ಸಿಕ್ಕುವುದು ಅಲ್ಲಿಯೇ.

ಆದರೆ ತೋಟ ಪಾಲಾದಾಗ, ಮಾರಾಟವಾದಾಗ, ಹಳೆಯ ಮನೆ ಕೆಡವಿದಾಗ ಮೊದಲು ಕಳೆದುಹೋಗುವುದು ಇಂತಹ ಪುಸ್ತಕಗಳೇ. ಗೆದ್ದಲು, ತೇವಗಳ ಬಾಧೆ ಬೇರೆ. ಮೂಲವನ್ನು ಮನೆತನದವರಲ್ಲಿಯೇ ಉಳಿಸಿ, ಪ್ರತಿಯನ್ನು ಮಾತ್ರ ತೆಗೆದು, ಮಾಪಕದ ಸ್ಥಳ, ಬರೆದವರ ಬದಲಾವಣೆ, ಬಿಟ್ಟುಹೋದ ದಿನಗಳು ಇವನ್ನು ನಮೂದಿಸಿ ಒಂದೆಡೆ ಇಡುವುದು ದುಡ್ಡಿಗಿಂತ ತಾಳ್ಮೆಯನ್ನು ಬೇಡುವ ಕೆಲಸ. ಪೊನ್ನಂಪೇಟೆಯಲ್ಲಿಯೇ ಅರಣ್ಯ ಮಹಾವಿದ್ಯಾಲಯವಿರುವುದರಿಂದ ಸ್ಥಳಕ್ಕೂ ಕೊರತೆಯಿಲ್ಲ. ಅಂಚಿನಲ್ಲಿ ಬರೆದ ‘ಸಂಜೆ ಆಕಾಶ ಬಹಳ ಕೆಂಪು’ ಎಂಬಂತಹ ಮಾತುಗಳನ್ನು ಪ್ರತಿ ಮಾಡುವವರು ಅನವಶ್ಯಕವೆಂದು ಬಿಡಬಾರದು. ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಶಾಸನಗಳಿಗೆ ತೋರುವ ಎಚ್ಚರವನ್ನು ಈ ಪುಸ್ತಕಗಳಿಗೂ ತೋರಿದಲ್ಲಿ, ಮುಂದೊಂದು ದಿನ ಇನ್ನಾವುದೋ ದೂರದ ಪರ್ವತದ ಚರಿತ್ರೆಯಲ್ಲಿ ಕಿಗ್ಗಟ್ಟುನಾಡಿನ ಸಾಕ್ಷ್ಯಕ್ಕೂ ಸ್ಥಾನ ದೊರೆತೀತು.